ಉಪಗ್ರಹದ ಜನಸಂಖ್ಯಾ ನಕ್ಷೆಯಲ್ಲಿ ನಮ್ಮ ಮಜರೆ ಖಾಲಿ ಜಾಗ: ಇದನ್ನು ತಿದ್ದುವುದು ಹೇಗೆ?

ಹಿನ್ನೀರು ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನವಳು, ಭೂಗೋಳಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಮಂಗನ ಕಾಯಿಲೆ ಕಾಣಿಸಿಕೊಳ್ಳುವ ತಿಂಗಳುಗಳಲ್ಲಿ ಯಾವ ಆರೋಗ್ಯ ಉಪಕೇಂದ್ರಕ್ಕೆ ಎಷ್ಟು ಜನ, ಎಷ್ಟು ದೂರ ನಡೆದು ಬರಬೇಕಾಗುತ್ತದೆ ಎಂಬುದನ್ನು ಲೆಕ್ಕ ಹಾಕುವುದು ನನ್ನ ಪ್ರಾಜೆಕ್ಟ್. ಜನರು ಎಲ್ಲಿದ್ದಾರೆ ಎಂಬುದು ತಿಳಿಯದೆ ದೂರದ ಲೆಕ್ಕ ಆರಂಭವಾಗುವುದೇ ಇಲ್ಲವಾದ್ದರಿಂದ, ವರ್ಲ್ಡ್‌ಪಾಪ್ ಎಂಬ ಸಂಶೋಧನಾ ಗುಂಪಿನವರ ಜನಸಂಖ್ಯಾ ಗ್ರಿಡ್ ಇಳಿಸಿಕೊಂಡು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದೆ. ಸುಮಾರು 100 ಮೀಟರ್‌ಗೆ ಒಂದು ಚೌಕ; ಪ್ರತಿ ಚೌಕಕ್ಕೂ ಇಷ್ಟು ಜನ ಎಂಬ ಅಂಕಿ.

ಮೊದಲು ಹುಡುಕಿದ್ದು ನಮ್ಮ ಮನೆಯನ್ನೇ. ನಮ್ಮ ಮಜರೆಯಲ್ಲಿ 17 ಮನೆಗಳಿವೆ: ತೋಟದ ತಲೆಯಲ್ಲಿ ಎರಡು, ಹಳ್ಳದಾಚೆ ಮೂರು, ಉಳಿದವು ಗದ್ದೆಯ ಅಂಚಿನುದ್ದಕ್ಕೂ ಹರಡಿಕೊಂಡಿವೆ. ಕಟ್ಟಡ ಕಂಡಲ್ಲಿ ಮಾತ್ರ ಜನರನ್ನು ಇಡುವ ಆವೃತ್ತಿಯಲ್ಲಿ ಈ ಚೌಕಗಳ ಪೈಕಿ ಬಹುತೇಕ ಖಾಲಿ. ಎಲ್ಲ ಚೌಕಗಳಿಗೂ ಜನರನ್ನು ಹಂಚುವ ಇನ್ನೊಂದು ಆವೃತ್ತಿಯಲ್ಲಿ ನಮ್ಮ ಅಂಗಳಕ್ಕೂ ಹಿಂದಿನ ಕಾನಿಗೂ (ದಟ್ಟ ಕಾಡಿಗೂ) ಹೆಚ್ಚುಕಡಿಮೆ ಒಂದೇ ಬಗೆಯ ದಶಮಾಂಶದ ಚೂರುಗಳು.

ಈ ನಕ್ಷೆಯನ್ನೇ ನಂಬಿ ಮುಂದುವರಿದರೆ, ಜನರೆಲ್ಲರೂ ಆಸ್ಪತ್ರೆಗೆ ಹತ್ತಿರದಲ್ಲೇ ಇದ್ದಾರೆ ಎಂಬ ಉತ್ತರ ಬರುತ್ತದೆ, ಏಕೆಂದರೆ ದೂರದಲ್ಲಿರುವವರು ಲೆಕ್ಕದಲ್ಲೇ ಇಲ್ಲ. ಇದನ್ನು ತಿದ್ದುವ ದಾರಿ ಬಲ್ಲವರು ದಯವಿಟ್ಟು ತಿಳಿಸಿ.

ತೀರ್ಥಹಳ್ಳಿ ತೋಟಗಾರ

ಇಂಗ್ಲೆಂಡಿನಲ್ಲಿ ಕುಳಿತು ಮಾಡಿದ ನಕ್ಷೆಯಲ್ಲಿ ಮಲೆನಾಡಿನ ಒಂಟಿ ಮನೆಗಳನ್ನು ಹುಡುಕುವುದೇ ತಪ್ಪು. ಪಡಿತರ ಚೀಟಿಯ ಪಟ್ಟಿ ತೆಗೆದುಕೊಂಡರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ.

ಶಿವಮೊಗ್ಗ ನಕ್ಷೆಗಾರ

ತೋಟಗಾರರೇ, ಆತುರ ಬೇಡ. ನಕ್ಷೆ ಏಕೆ ಹಾಗೆ ಬಂತು ಎಂಬುದು ಮೊದಲು ತಿಳಿಯಲಿ. ನಾನು ಹನ್ನೆರಡು ವರ್ಷಗಳಿಂದ ಜಿಐಎಸ್ (ಕಂಪ್ಯೂಟರ್ ನಕ್ಷೆ) ಕೆಲಸದಲ್ಲಿರುವವನು.

ವರ್ಲ್ಡ್‌ಪಾಪ್ ಸೌತಾಂಪ್ಟನ್ ವಿಶ್ವವಿದ್ಯಾಲಯದ ಗುಂಪು. ಅವರು ಜನರನ್ನು ಎಣಿಸುವುದಿಲ್ಲ. ಎಣಿಸಿದ ಮೊತ್ತವನ್ನು ಹಂಚುತ್ತಾರೆ. ಜನಗಣತಿಯಿಂದ ಒಂದು ಆಡಳಿತ ಘಟಕದ ಮೊತ್ತ ಸಿಗುತ್ತದೆ. ಆ ಮೊತ್ತವನ್ನು ಘಟಕದೊಳಗಿನ ಸಾವಿರಾರು ಚೌಕಗಳಿಗೆ ಹಂಚಲು ಪ್ರತಿ ಚೌಕಕ್ಕೂ ಒಂದು ತೂಕ ಬೇಕು. ರಸ್ತೆ ಎಷ್ಟು ದೂರ, ಇಳಿಜಾರು ಎಷ್ಟು, ರಾತ್ರಿ ಬೆಳಕು ಎಷ್ಟು ಕಾಣುತ್ತದೆ, ನೆಲ ಕಾಡೋ ಗದ್ದೆಯೋ, ಕಟ್ಟಡ ಇದೆಯೋ ಇಲ್ಲವೋ ಎಂಬಂಥ ಪದರಗಳನ್ನೆಲ್ಲ ರ‍್ಯಾಂಡಮ್ ಫಾರೆಸ್ಟ್ ಎಂಬ ಕಲಿಕಾ ವಿಧಾನಕ್ಕೆ ಕೊಟ್ಟು ಆ ತೂಕವನ್ನು ಪಡೆಯುತ್ತಾರೆ. ಮೂಲ ವಿಚಾರ ಹಳೆಯದು. 1936ರಲ್ಲೇ ಅಮೆರಿಕದ ಜಾನ್ ರೈಟ್ ಎಂಬ ಭೂಗೋಳಶಾಸ್ತ್ರಜ್ಞರು ಕೇಪ್ ಕಾಡ್ ಪ್ರದೇಶದ ನಕ್ಷೆಯಲ್ಲಿ ಜನರಿಲ್ಲದ ನೆಲವನ್ನು ಬೇರ್ಪಡಿಸಿ, ಉಳಿದ ನೆಲದ ಮೇಲೆ ಜನರನ್ನು ಹಂಚಿ ತೋರಿಸಿದ್ದರು. ಈಗ ಅದೇ ಕೆಲಸವನ್ನು ಉಪಗ್ರಹ ಮತ್ತು ಕಂಪ್ಯೂಟರ್ ಮಾಡುತ್ತಿವೆ.

ನಿಮ್ಮ 100 ಮೀಟರ್ ಚೌಕ ನಿಜಕ್ಕೂ 3 ಆರ್ಕ್ ಸೆಕೆಂಡಿನದು (ಒಂದು ಆರ್ಕ್ ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ). ನಮ್ಮ ಅಕ್ಷಾಂಶದಲ್ಲಿ ಅದು ಉತ್ತರ ದಕ್ಷಿಣಕ್ಕೆ ಸುಮಾರು 92 ಮೀಟರ್, ಪೂರ್ವ ಪಶ್ಚಿಮಕ್ಕೆ ಸುಮಾರು 90 ಮೀಟರ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎರಡು ಎಕರೆ. ಎರಡು ಎಕರೆ ಅಡಿಕೆ ತೋಟ, ಅದರ ಮೂಲೆಯಲ್ಲಿ ಮರದ ನೆರಳಿನಡಿ ಪಾಚಿಗಟ್ಟಿದ ಹೆಂಚಿನ ಮಾಡು. ಮೇಲಿನಿಂದ ನೋಡುವ ಯಂತ್ರಕ್ಕೆ ಅದು ಹಸಿರು. ನಿಮ್ಮ ಮಜರೆ ಕಾಣೆಯಾದದ್ದು ಅಲ್ಲಿಯೇ.

ಅಂಕಿಯೂರು

ನಕ್ಷೆಗಾರರ ಮಾತಿಗೆ ಒಂದು ಸೇರ್ಪಡೆ, ಏಕೆಂದರೆ ಬಹಳ ಜನ ಇದನ್ನು ಗಮನಿಸುವುದಿಲ್ಲ. ಈ ವಿಧಾನದಲ್ಲಿ ಹಂಚಿದ ಘಟಕದ ಮೊತ್ತ ಎಂದೂ ತಪ್ಪುವುದಿಲ್ಲ, ಜಾಗ ಮಾತ್ರ ತಪ್ಪುತ್ತದೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಒಂದು ಗ್ರಾಮದಲ್ಲಿ 400 ಜನ, 80 ಮನೆ, ಮನೆಗೆ ಐವರು. ರಸ್ತೆ ಬದಿಯ 40 ಮನೆಗಳು ಉಪಗ್ರಹಕ್ಕೆ ಕಾಣುತ್ತವೆ, ತೋಟದೊಳಗಿನ 40 ಕಾಣುವುದಿಲ್ಲ. ಮಾದರಿಯು ಕಂಡ 40 ಮನೆಗಳಿಗೇ 400 ಜನರನ್ನು ಹಂಚಿ ಮನೆಗೆ ಹತ್ತು ಮಂದಿ ಎನ್ನುತ್ತದೆ. ಗ್ರಾಮದ ಮೊತ್ತವನ್ನು ಗಣತಿಯೊಂದಿಗೆ ಹೋಲಿಸಿ ನೋಡಿದವರಿಗೆ ಎಲ್ಲವೂ ಸರಿಯಾಗಿದೆ ಎನ್ನಿಸುತ್ತದೆ. ತೋಟದೊಳಗಿನ 200 ಜನ ನಕ್ಷೆಯಿಂದ ಅಳಿಸಿಹೋಗಿಲ್ಲ, ರಸ್ತೆ ಬದಿಗೆ ಸ್ಥಳಾಂತರಗೊಂಡಿದ್ದಾರೆ. ಹಿನ್ನೀರು ದಂಡೆಯವರು ಹೇಳಿದ ಅಪಾಯದ ಮೂಲ ಇದೇ: ರಸ್ತೆ ಬದಿಯಲ್ಲಿ ಇಲ್ಲದವರನ್ನೆಲ್ಲ ಅಲ್ಲಿ ಕೂರಿಸಿದ ಮೇಲೆ, ಆಂಬ್ಯುಲೆನ್ಸ್ ಎಲ್ಲರನ್ನೂ ಬೇಗ ತಲುಪುತ್ತದೆ ಎಂದೇ ಲೆಕ್ಕ ಹೇಳುತ್ತದೆ.

ಘಟಕ ದೊಡ್ಡದಾದಷ್ಟೂ ತಪ್ಪು ದೂರ ಸಾಗುತ್ತದೆ. ಗ್ರಾಮದ ಮೊತ್ತವನ್ನು ಹಂಚಿದ್ದರೆ ತಪ್ಪು ಗ್ರಾಮದೊಳಗೇ ಉಳಿಯುತ್ತದೆ. ತಾಲ್ಲೂಕಿನ ಮೊತ್ತವನ್ನು ಹಂಚಿದ್ದರೆ ನಗರ ಹೋಬಳಿಯ ಗುಡ್ಡದವರು ಹೊಸನಗರ ಪೇಟೆಗೆ ಬಂದು ಕೂತಿರಬಹುದು. ಆದ್ದರಿಂದ ಗ್ರಿಡ್ ಜೊತೆ ಬರುವ ವಿವರಣಾ ಕಡತದಲ್ಲಿ ಯಾವ ಹಂತದ ಎಣಿಕೆಯನ್ನು ಬಳಸಿದ್ದಾರೆಂದು ಮೊದಲು ಓದಿರಿ. ಆನಂತರ 2011ರ ಗಣತಿಯ ಗ್ರಾಮವಾರು ಸಾರಾಂಶವನ್ನು ತೆಗೆದುಕೊಂಡು, ಗ್ರಿಡ್ ಅನ್ನು ಗ್ರಾಮದ ಗಡಿಯೊಳಗೆ ಕೂಡಿಸಿ ಹೋಲಿಸಿರಿ. ಒಂದು ಸಂಜೆಯ ಕೆಲಸ. ಎಲ್ಲೆಲ್ಲಿ ಎಷ್ಟು ವಾಲಿದೆ ಎಂಬುದು ಆ ಸಂಜೆಯೇ ತಿಳಿಯುತ್ತದೆ.

ತೀರ್ಥಹಳ್ಳಿ ತೋಟಗಾರ

ಅದನ್ನೇ ನಾನೂ ಹೇಳುವುದು. ಗ್ರಾಮವಾರು ಲೆಕ್ಕ ನಮ್ಮಲ್ಲೇ ಇರುವಾಗ ಆ ಗ್ರಿಡ್ ಏಕೆ ಬೇಕು?

ಶಿವಮೊಗ್ಗ ನಕ್ಷೆಗಾರ

ಏಕೆಂದರೆ ನಮ್ಮ ಕಡೆ ಗ್ರಾಮ ಎಂದರೆ ಬಯಲುಸೀಮೆಯಂತೆ ಒಂದೆಡೆ ಗುಂಪುಗೂಡಿದ ಊರಲ್ಲ. ಹೊಸನಗರದ ಒಂದು ಕಂದಾಯ ಗ್ರಾಮದಲ್ಲಿ ಐದಾರು ಮಜರೆಗಳಿರುತ್ತವೆ, ನಡುವೆ ಗುಡ್ಡ, ಕಾನು, ಹಳ್ಳ. ಗ್ರಾಮದಲ್ಲಿ 400 ಜನ ಎಂದು ಗೊತ್ತಿದ್ದರೂ ಅವರಲ್ಲಿ ಎಷ್ಟು ಜನ ಕಾಲುಸಂಕ ದಾಟಬೇಕು ಎಂಬುದು ಗಣತಿಯ ಸಾಲಿನಲ್ಲಿ ಇಲ್ಲ. ಗ್ರಿಡ್ ಬೇಕಾಗುವುದು ಆ ಪ್ರಶ್ನೆಗೆ.

ಪಡಿತರ ಚೀಟಿಯ ವಿಷಯ: ಬೆಂಗಳೂರಿನಲ್ಲಿ ಹತ್ತು ವರ್ಷದಿಂದ ಇರುವ ಮಗನ ಹೆಸರು ಊರಿನ ಚೀಟಿಯಲ್ಲೇ ಇರುತ್ತದೆ. ಮತದಾರರ ಪಟ್ಟಿಯಲ್ಲಿ 18 ತುಂಬದ ಮಕ್ಕಳಿರುವುದಿಲ್ಲ. ಎರಡೂ ಉಪಯುಕ್ತ ದಾಖಲೆಗಳು, ಆದರೆ ಎರಡೂ ಈ ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಎಂಬುದನ್ನು ಹೇಳುವುದಿಲ್ಲ.

ಸೊರಬದ ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ. 1991, 2001, 2011ರ ಮೂರೂ ಗಣತಿಗಳಲ್ಲಿ ಗಣತಿದಾರನಾಗಿ ಕೆಲಸ ಮಾಡಿದ್ದೇನೆ. ಕಂಪ್ಯೂಟರಿನ ವಿಷಯ ನನಗೆ ಹೆಚ್ಚು ತಿಳಿಯದು, ಆದರೆ ಮನೆ ಹುಡುಕುವ ವಿಷಯ ತಿಳಿದಿದೆ.

ಗಣತಿಗೆ ಹೊರಡುವ ಮೊದಲು ನಾವು ಕೈಯಲ್ಲಿ ಒಂದು ಅಂದಾಜು ನಕ್ಷೆ ಬರೆಯುತ್ತಿದ್ದೆವು. ರಸ್ತೆ, ಹಳ್ಳ, ದೇವಸ್ಥಾನ, ಶಾಲೆಗಳನ್ನು ಗುರುತಿಸಿ, ಪಕ್ಕಾ ಕಟ್ಟಡಕ್ಕೆ ಚೌಕ, ಕಚ್ಚಾ ಕಟ್ಟಡಕ್ಕೆ ತ್ರಿಕೋನ ಹಾಕಿ, ವಾಸವಿಲ್ಲದ ಕಟ್ಟಡಕ್ಕೆ ಗೆರೆ ಎಳೆದು, ನಡೆಯುವ ದಾರಿಗೆ ಬಾಣದ ಗುರುತು ಹಾಕಿ ಸಂಖ್ಯೆ ಕೊಡುತ್ತಿದ್ದೆವು. ಆ ನಕ್ಷೆಗೆ ಅಳತೆ ಇರಲಿಲ್ಲ, ಆದರೆ ಒಂದೂ ಮನೆ ಬಿಟ್ಟುಹೋಗಬಾರದು ಎಂಬ ಕಾಳಜಿ ಇತ್ತು. ಇಲ್ಲಿಗೆ ಮುಗಿಯಿತು ಎಂದುಕೊಂಡು ವಾಪಸು ಹೊರಟಾಗ ಹಾದಿಯಲ್ಲಿ ಸಿಕ್ಕ ಕೊನೆಗಾರನೊಬ್ಬ (ಅಡಿಕೆ ಕೊನೆ ಕೊಯ್ಯುವವ), ಆ ದಿಬ್ಬದಾಚೆ ಒಂದು ಬಿಡಾರ ಇದೆಯಲ್ಲ ಮೇಷ್ಟ್ರೇ, ಎಂದದ್ದು ಇಂದಿಗೂ ನೆನಪಿದೆ. ಹೋಗಿ ನೋಡಿದರೆ ಎರಡು ಸಂಸಾರ, ಮೂರು ಮಕ್ಕಳು. ಅಡಿಕೆ ಕೊಯ್ಲಿಗೆಂದು ಬಂದವರಲ್ಲ, ಅಲ್ಲಿಯೇ ವರ್ಷಗಳಿಂದ ನೆಲೆಸಿದವರು.

2011ರ ಎಣಿಕೆ ಫೆಬ್ರವರಿ 9ರಿಂದ 28ರವರೆಗೆ ನಡೆಯಿತು. ಲೆಕ್ಕಕ್ಕೆ ಹಿಡಿದ ಕ್ಷಣ ಮಾರ್ಚ್ 1ರ ಶೂನ್ಯ ಗಂಟೆ. ಮುಂದಿನದಕ್ಕೆ 2027ರ ಮಾರ್ಚ್ 1 ಎಂದು ಅಧಿಸೂಚನೆಯಾಗಿದೆ. ಅಂದರೆ ನೀವು ಇಟ್ಟುಕೊಂಡಿರುವ ಮೊತ್ತಕ್ಕೆ ಹದಿನೈದು ವರ್ಷವಾಯಿತು, ತಂಗಿ. ಹೊಸ ಗ್ರಿಡ್ ಎಂದು ಕೊಟ್ಟಿದ್ದರೂ ಅದರ ಬುಡದಲ್ಲಿರುವುದು ಹಳೆಯ ಎಣಿಕೆಯನ್ನು ಮುಂದಕ್ಕೆ ಬೆಳೆಸಿದ ಅಂದಾಜು.

ಹಿನ್ನೀರು ದಂಡೆ

ಮೇಷ್ಟ್ರೇ, ಆ ಬಾಣದ ಗುರುತಿನ ಮಾತು ನನಗೆ ಬಹಳ ಉಪಯೋಗವಾಯಿತು. ಅಂಕಿಯೂರು ಅವರು ಹೇಳಿದ ಹೋಲಿಕೆಯನ್ನು ನಿನ್ನೆ ಸಂಜೆ ಮಾಡಿದೆ. ಪೇಟೆಗೆ ಅಂಟಿಕೊಂಡ ಗ್ರಾಮಗಳಲ್ಲಿ ಗ್ರಿಡ್ ಮೊತ್ತ ಗಣತಿಗಿಂತ ಹೆಚ್ಚು, ಘಟ್ಟದ ಅಂಚಿನ ಗ್ರಾಮಗಳಲ್ಲಿ ಕಡಿಮೆ. ವಾಲಿದ ದಿಕ್ಕು ಎಲ್ಲ ಕಡೆಯೂ ಒಂದೇ.

ಗ್ರಾಮದ ಮೊತ್ತಕ್ಕೆ ಸರಿಹೊಂದುವಂತೆ ಚೌಕಗಳನ್ನು ಮತ್ತೆ ಹಿಗ್ಗಿಸಿ ಕುಗ್ಗಿಸಿದೆ. ಗ್ರಾಮಗಳ ನಡುವಿನ ತಪ್ಪು ಹೋಯಿತು. ಗ್ರಾಮದೊಳಗಿನದು ಹಾಗೆಯೇ ಉಳಿದಿದೆ. ನಮ್ಮ ಮಜರೆ ಇನ್ನೂ ಖಾಲಿ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ಅಲ್ಲವೇ.

ಗಾಜನೂರು ಹುಡುಗ

ಕಟ್ಟಡಗಳ ಪದರವನ್ನೇ ಬದಲಿಸಿ ನೋಡಿ. ಗೂಗಲ್ ಓಪನ್ ಬಿಲ್ಡಿಂಗ್ಸ್ ಮೊದಲು 2021ರಲ್ಲಿ ಆಫ್ರಿಕಾಕ್ಕೆ ಬಂದಿತ್ತು, 2023ರ ಆವೃತ್ತಿಯಲ್ಲಿ ಭಾರತವೂ ಇದೆ. ಪ್ರತಿ ಕಟ್ಟಡದ ಹೊರರೇಖೆ, ಚದರ ಮೀಟರ್ ಅಳತೆ, ಅದು ಕಟ್ಟಡವೇ ಹೌದೆಂಬುದಕ್ಕೆ ಎಷ್ಟು ಖಚಿತ ಎಂಬ ಅಂಕಿ ಸಿಗುತ್ತದೆ. ಮೈಕ್ರೋಸಾಫ್ಟ್‌ನವರದೂ ಇದೆ. ಎರಡನ್ನೂ ಸೇರಿಸಿ.

ತೀರ್ಥಹಳ್ಳಿ ತೋಟಗಾರ

ಕಟ್ಟಡ ಎಣಿಸಿ ಜನರನ್ನು ಲೆಕ್ಕ ಹಾಕುವವರು ಒಮ್ಮೆ ನಮ್ಮ ಮನೆಗೆ ಬನ್ನಿ. ವಾಸದ ಮನೆ ಒಂದು. ಕೊಟ್ಟಿಗೆ ಒಂದು, ಅಡಿಕೆ ಬೇಯಿಸುವ ಮನೆ ಒಂದು, ಸೌದೆಯ ಮಾಡು ಒಂದು, ಪಂಪ್ ಶೆಡ್ ಒಂದು. ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹಾಳೆಯ ಮನೆ ಕಟ್ಟಿದ್ದೇವೆ, ಅದು ಬಿಸಿಲಿಗೆ ಹೊಳೆಯುವುದರಿಂದ ಮೇಲಿನಿಂದ ಎಲ್ಲಕ್ಕಿಂತ ಮೊದಲು ಕಾಣುವುದು ಅದೇ ಇರಬೇಕು. ಆರು ಮಾಡು, ವಾಸವಿರುವುದು ನಾವು ಇಬ್ಬರು ಮುದುಕರು. ಮಕ್ಕಳು ಹೊರಗಿದ್ದಾರೆ. ಪಕ್ಕದ ಮನೆಗೆ ಎರಡು ವರ್ಷದಿಂದ ಬೀಗ. ಅದರಾಚೆ ಹೊಸದಾಗಿ ಬಂದ ಹೋಂಸ್ಟೇಯ ಮಾಡು ಊರಿಗೇ ದೊಡ್ಡದು, ಅಲ್ಲಿ ರಾತ್ರಿ ಉಳಿಯುವ ಖಾಯಂ ನಿವಾಸಿ ಒಬ್ಬ ಕಾವಲುಗಾರ.

ಅಂಕಿಯೂರು

ತೋಟಗಾರರೇ, ನೀವು ವಿರೋಧಿಸುತ್ತಲೇ ಈ ಚರ್ಚೆಗೆ ಬೇಕಾದ ಅತ್ಯುತ್ತಮ ಮಾಹಿತಿಯನ್ನು ಕೊಟ್ಟಿದ್ದೀರಿ. ಯುರೋಪಿನ ಜಂಟಿ ಸಂಶೋಧನಾ ಕೇಂದ್ರದವರ ಜಿಎಚ್‌ಎಸ್‌ಎಲ್ ನಕ್ಷೆ ಕಟ್ಟಡದ ಗಾತ್ರ ದೊಡ್ಡದಿದ್ದಷ್ಟೂ ಜನ ಹೆಚ್ಚು ಎಂಬ ಆಧಾರದ ಮೇಲೆ ಹಂಚುತ್ತದೆ. ನಗರದಲ್ಲಿ ಅದು ಬಹುಮಟ್ಟಿಗೆ ಸರಿ. ನಿಮ್ಮ ಕಣದಲ್ಲಿ ಅದು ಕೊಟ್ಟಿಗೆಯ ದನಗಳಿಗೂ ಜನಸಂಖ್ಯೆಯಲ್ಲಿ ಪಾಲು ಕೊಡುತ್ತದೆ.

ಆದ್ದರಿಂದ ಮಲೆನಾಡಿನಲ್ಲಿ ತಪ್ಪು ಎರಡು ಕಡೆಯಿಂದ ಬರುತ್ತದೆ: ಇರುವ ಮನೆ ಕಾಣುವುದಿಲ್ಲ, ಕಾಣುವ ಮಾಡು ಮನೆಯಲ್ಲ. ಎರಡೂ ಒಂದನ್ನೊಂದು ಸರಿದೂಗಿಸುತ್ತವೆ ಎಂದು ಸುಮ್ಮನಾಗುವಂತಿಲ್ಲ, ಏಕೆಂದರೆ ಮರದಡಿಯ ಮನೆಗಳಿರುವುದು ಬಡವರ ಮಜರೆಗಳಲ್ಲಿ, ಹೊಳೆಯುವ ಮಾಡುಗಳಿರುವುದು ಅನುಕೂಲಸ್ಥರ ಕಣದಲ್ಲಿ.

ಗಾಜನೂರು ಹುಡುಗ

ರಾತ್ರಿ ಬೆಳಕಿನ ಚಿತ್ರಗಳಿಂದ ವಾಸದ ಮನೆಯನ್ನು ಬೇರ್ಪಡಿಸಬಹುದಲ್ಲವೇ?

ಶಿವಮೊಗ್ಗ ನಕ್ಷೆಗಾರ

ಆಗದು. ರಾತ್ರಿ ಬೆಳಕನ್ನು ಅಳೆಯುವ ವಿಐಐಆರ್‌ಎಸ್ ಉಪಕರಣದ ಒಂದು ಚುಕ್ಕೆಯೇ ಅರ್ಧ ಕಿಲೋಮೀಟರಿಗಿಂತ ದೊಡ್ಡದು. ತೋಟದೊಳಗಿನ ಒಂದು ಎಲ್‌ಇಡಿ ದೀಪ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ, ಜೋಗದ ಸುತ್ತ ಪ್ರವಾಸಿಗರಿಗಾಗಿ ಹಾಕಿದ ದೀಪಗಳೋ ಜನವಸತಿಯಂತೆ ಹೊಳೆಯುತ್ತವೆ. ಇನ್ನು ಸೆಂಟಿನೆಲ್ 2 ಉಪಗ್ರಹದ 10 ಮೀಟರ್ ಚಿತ್ರಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹುಲಿಕಲ್ ಕಡೆ ಬಹುಪಾಲು ಮೋಡವೇ. ಸೆಂಟಿನೆಲ್ 1ರ ರೇಡಾರ್ ಮೋಡವನ್ನು ದಾಟಿ ನೋಡುತ್ತದೆ, ಆದರೆ ಕಡಿದಾದ ಗುಡ್ಡಗಳಲ್ಲಿ ಅದರ ಚಿತ್ರ ಒಂದು ಮಗ್ಗುಲಿಗೆ ಮಡಚಿಕೊಂಡು ಬರುತ್ತದೆ.

ಆಶಾ ಅಕ್ಕ, ಸಾಗರ

ನಾನು ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆ. ಇಷ್ಟು ದೊಡ್ಡ ಚರ್ಚೆಯಲ್ಲಿ ನಮ್ಮ ವಹಿಯ ಮಾತು ಇನ್ನೂ ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನನ್ನ ವ್ಯಾಪ್ತಿಯ ಪ್ರತಿ ಮನೆಯೂ ನನ್ನ ವಹಿಯಲ್ಲಿದೆ. ಯಾರು ಗರ್ಭಿಣಿ, ಯಾವ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ, ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ ಎಂಬುದೆಲ್ಲ ಇದೆ. ಕಾಡಿನ ಅಂಚಿನ ಮನೆಗಳಿಗೆ ಮಂಗನ ಕಾಯಿಲೆ ಹರಡುವ ಉಣುಗನ್ನು ತಡೆಯುವ ತೈಲ ಹಂಚಲು ನಾನು ನಡೆದೇ ಹೋಗುವುದು. ಸಾವಿರ ಜನಕ್ಕೆ ಒಬ್ಬ ಆಶಾ ಎಂಬುದು ನಿಯಮ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ, ಬಯಲಿನಲ್ಲಿ 5,000ಕ್ಕೆ ಒಂದು. ಎಲ್ಲವೂ ಜನರ ತಲೆ ಎಣಿಸಿ. ಆದರೆ ಸಾವಿರ ಜನ ಒಂದು ಬೀದಿಯಲ್ಲಿ ಇರುವುದಕ್ಕೂ ಹನ್ನೆರಡು ಕಿಲೋಮೀಟರ್ ಹರಡಿಕೊಂಡಿರುವುದಕ್ಕೂ ವ್ಯತ್ಯಾಸ ತಿಳಿಯುವುದು ನಡೆಯುವವಳಿಗೆ ಮಾತ್ರ. ನೀವು ಮಾಡುತ್ತಿರುವ ನಕ್ಷೆ ಆ ವ್ಯತ್ಯಾಸವನ್ನು ತೋರಿಸುವುದಾದರೆ ನಾನು ನಿಮ್ಮ ಜೊತೆ ನಡೆಯಲು ಸಿದ್ಧ.

ಹಿನ್ನೀರು ದಂಡೆ

ಅಕ್ಕಾ, ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ. ನೀವು ಹೇಳಿದ ಭಾನುವಾರ ಬರುತ್ತೇನೆ.

ಅಂಕಿಯೂರು

ನಡೆಯಲು ಹೊರಡುವ ಮುನ್ನ ಒಂದು ಎಚ್ಚರಿಕೆ. ಇಂಥ ಕೆಲಸಕ್ಕೆ ಕೆಳಗಿನಿಂದ ಮೇಲಕ್ಕೆ ಕಟ್ಟುವ ವಿಧಾನ ಎನ್ನುತ್ತಾರೆ: ಕೆಲವು ಸಣ್ಣ ತುಂಡು ಭೂಮಿಗಳನ್ನು ಆರಿಸಿ, ಅಲ್ಲಿ ಪೂರ್ತಿ ಎಣಿಸಿ, ಆ ಎಣಿಕೆಯಿಂದ ಉಳಿದ ಜಾಗಗಳನ್ನು ಅಂದಾಜು ಮಾಡುವುದು. 2006ರ ನಂತರ ಜನಗಣತಿಯೇ ನಡೆಯದ ನೈಜೀರಿಯದಲ್ಲಿ ಪೋಲಿಯೊ ಲಸಿಕೆಗಾಗಿ ಇದೇ ದಾರಿ ಹಿಡಿದರು. ತುಂಡುಗಳನ್ನು ಆರಿಸುವಾಗ ಎಲ್ಲರೂ ಮಾಡುವ ತಪ್ಪೆಂದರೆ ಕಟ್ಟಡ ಕಂಡ ಚೌಕಗಳಿಂದ ಮಾತ್ರ ಚೀಟಿ ಎತ್ತುವುದು. ಹಾಗೆ ಮಾಡಿದರೆ ಕಾಣದ ಮನೆಗಳು ಕೊನೆಯವರೆಗೂ ಕಾಣುವುದಿಲ್ಲ. ಖಾಲಿ ಎಂದು ನಕ್ಷೆ ಹೇಳುವ ಚೌಕಗಳಿಂದಲೂ ಚೀಟಿ ಎತ್ತಿ ಅಲ್ಲಿಗೂ ಹೋಗಬೇಕು. ಹೋಗಿ ಏನೂ ಸಿಗದೆ ಬಂದರೂ ಸೊನ್ನೆ ಎಂದು ಬರೆದುಕೊಳ್ಳಬೇಕು. ಆ ಸೊನ್ನೆಗೂ ಬೆಲೆ ಇದೆ.

ಪೇಟೆ, ಗದ್ದೆಯಂಚು, ತೋಟದ ಒಳಗು, ಕಾನಿನ ಅಂಚು ಎಂದು ನಾಲ್ಕು ಬಗೆ ಮಾಡಿಕೊಂಡು ಪ್ರತಿಯೊಂದರಿಂದಲೂ ಬೇರೆಬೇರೆಯಾಗಿ ಎತ್ತಿರಿ.

ಎರಡು ಪಟ್ಟಿಗಳಿದ್ದರೆ ಇನ್ನೂ ಒಳ್ಳೆಯದು. ಆಶಾ ವಹಿಯಲ್ಲಿ 40 ಮನೆ, ವಿದ್ಯುತ್ ಸಂಪರ್ಕದ ಪಟ್ಟಿಯಲ್ಲಿ 36, ಎರಡರಲ್ಲೂ ಇರುವವು 32 ಎಂದುಕೊಳ್ಳಿ. 40ನ್ನು 36ರಿಂದ ಗುಣಿಸಿ 32ರಿಂದ ಭಾಗಿಸಿದರೆ 45. ಎರಡೂ ಪಟ್ಟಿ ಸೇರಿಸಿದರೆ ಸಿಗುವುದು 44. ಎರಡರಿಂದಲೂ ತಪ್ಪಿದ ಒಂದು ಮನೆ ಎಲ್ಲೋ ಇದೆ ಎಂದರ್ಥ. ಕೆರೆಯ ಮೀನುಗಳನ್ನು ಅಂದಾಜು ಮಾಡುವ ಹಳೆಯ ಸೂತ್ರವಿದು. ವಿದ್ಯುತ್ ತಲುಪದ ಮನೆಗೆ ಆಶಾ ತಲುಪುವುದೂ ಕಷ್ಟವೇ ಆದ್ದರಿಂದ, ನಿಜವಾದ ಕೊರತೆ ಸೂತ್ರ ಹೇಳುವುದಕ್ಕಿಂತ ಹೆಚ್ಚೇ ಇರುತ್ತದೆ ಎಂದು ಭಾವಿಸಿ.

ಕಾನಂಚಿನವ

ಇಷ್ಟು ದಿನ ಓದುತ್ತಿದ್ದೆ, ಈಗ ಬರೆಯಲೇಬೇಕಾಗಿದೆ. ನಮ್ಮ ಅಜ್ಜನ ಊರು ಲಿಂಗನಮಕ್ಕಿಯ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಲಾರಿಯಲ್ಲಿ ತಂದು ಬಿಟ್ಟ ಜಾಗದಲ್ಲಿ ನಾವು ಇಂದಿಗೂ ಇದ್ದೇವೆ, ಹಕ್ಕುಪತ್ರ ಮಾತ್ರ ಇಲ್ಲ. ದಾಖಲೆಯ ಪ್ರಕಾರ ನಾವು ಮನೆ ಕಟ್ಟಿರುವುದು ಅರಣ್ಯದಲ್ಲಿ. ನೀವು ಖಾಲಿ ಚೌಕಕ್ಕೆ ನಡೆದು ಬಂದು ನಮ್ಮ ಮನೆಯ ಮೇಲೆ ಚುಕ್ಕೆ ಇಟ್ಟು ಆ ಕಡತವನ್ನು ಎಲ್ಲರಿಗೂ ಕೊಟ್ಟರೆ, ಅದನ್ನು ಆರೋಗ್ಯ ಕೇಂದ್ರದವರು ಮಾತ್ರ ನೋಡುತ್ತಾರೆ ಎಂದು ಹೇಗೆ ನಂಬಲಿ? ನಕ್ಷೆಯಲ್ಲಿ ಕಾಣದೆ ಇರುವುದೇ ಕೆಲವರಿಗೆ ಸುರಕ್ಷೆ.

ಗಾಜನೂರು ಹುಡುಗ

ಆದರೆ ನಕ್ಷೆಯಲ್ಲಿ ಇಲ್ಲದಿದ್ದರೆ ಕಾಲುಸಂಕವೂ ಬರುವುದಿಲ್ಲ, ಆಂಬ್ಯುಲೆನ್ಸೂ ಬರುವುದಿಲ್ಲ.

ಕಾನಂಚಿನವ

ಸಂಕವಿಲ್ಲದೆ ಅರವತ್ತು ವರ್ಷ ಬದುಕಿದ್ದೇವೆ. ಮನೆಯಿಲ್ಲದೆ ಒಂದು ಮಳೆಗಾಲವನ್ನೂ ಕಳೆಯಲಾಗದು.

ಸೊರಬದ ಮೇಷ್ಟ್ರು

ಈ ಮಾತಿಗೆ ಉತ್ತರ ಕೊಡದೆ ಮುಂದೆ ಹೋಗಬಾರದು. ಗಣತಿಯಲ್ಲಿ ನಾವು ಪ್ರತಿ ಮನೆಯಲ್ಲೂ ಹೇಳುತ್ತಿದ್ದೆವು: ನೀವು ಕೊಟ್ಟ ವಿವರ ಗುಟ್ಟಾಗಿರುತ್ತದೆ, ಅದನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಜನ ಬಾಗಿಲು ತೆರೆದದ್ದು ಆ ಮಾತಿನ ಮೇಲೆ. ವಿದ್ಯಾರ್ಥಿಯ ಪ್ರಾಜೆಕ್ಟ್‌ಗೆ ಅಂಥ ಕಾಯ್ದೆಯ ರಕ್ಷಣೆ ಇಲ್ಲ. ಆದ್ದರಿಂದ ತಂಗಿ, ಕಾಯ್ದೆ ಮಾಡುವ ಕೆಲಸವನ್ನು ನಿಮ್ಮ ಶಿಸ್ತು ಮಾಡಬೇಕು.

ಶಿವಮೊಗ್ಗ ನಕ್ಷೆಗಾರ

ನಾನು ಪೂರ್ತಿ ಒಪ್ಪುತ್ತೇನೆ. ಮನೆಯ ಚುಕ್ಕೆಗಳು ನಿಮ್ಮ ಕಂಪ್ಯೂಟರಿನಿಂದ ಹೊರಗೆ ಹೋಗಬಾರದು, ಲೆಕ್ಕ ಮುಗಿದ ಮೇಲೆ ಅಳಿಸಬೇಕು. ಹೊರಗೆ ಕೊಡುವುದು 1 ಕಿಲೋಮೀಟರ್ ಚೌಕದ ಮೊತ್ತ ಮಾತ್ರ. ಅದರಲ್ಲೂ ನಾಲ್ಕೈದು ಮನೆಗಿಂತ ಕಡಿಮೆ ಇರುವ ಚೌಕವನ್ನು ಪಕ್ಕದ್ದರೊಡನೆ ಸೇರಿಸಬೇಕು. ಉಪಕೇಂದ್ರಕ್ಕೆ ಎಷ್ಟು ಹೊತ್ತಿನ ನಡಿಗೆ ಎಂಬ ನಿಮ್ಮ ಪ್ರಶ್ನೆಗೆ ಅಷ್ಟು ಸಾಕು.

ಕಾನಂಚಿನವರಿಗೆ ಒಂದು ವಿಷಯ. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಿಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ ಉಪಗ್ರಹ ಚಿತ್ರವನ್ನು ಇತರ ಸಾಕ್ಷ್ಯಗಳಿಗೆ ಪೂರಕವಾಗಿ ಬಳಸಬಹುದು, ಅವುಗಳ ಬದಲಿಗೆ ಬಳಸುವಂತಿಲ್ಲ. ಅಂದರೆ ಚಿತ್ರದಲ್ಲಿ ನಿಮ್ಮ ಮನೆ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವುದು ಸರಿಯಲ್ಲ. ಆ ಕೆಲಸಕ್ಕೆ ಚುಕ್ಕೆ ಬೇಕೇ ಬೇಡವೇ ಎಂಬುದನ್ನು ನೀವೇ, ನಿಮ್ಮ ಗ್ರಾಮಸಭೆಯೇ ನಿರ್ಧರಿಸಬೇಕು. ನಾವಲ್ಲ.

ಕಾನಂಚಿನವ

ಹೊರಗೆ ಹೋಗುವುದು ಮೊತ್ತ ಮಾತ್ರ ಎನ್ನುವುದಾದರೆ, ಮತ್ತು ಬರುವ ಮೊದಲು ಹೇಳಿ ಬರುವುದಾದರೆ, ನಮ್ಮ ಕಡೆ ದಾರಿ ತೋರಿಸುತ್ತೇನೆ. ಹಿನ್ನೀರಿನ ಬಗ್ಗೆಯೂ ಒಂದು ಮಾತು: ಬೇಸಿಗೆಯಲ್ಲಿ ನೀರು ಇಳಿದಾಗ ಕಾಣುವ ನೆಲದಲ್ಲಿ ಯಾರೂ ವಾಸವಿಲ್ಲ. ಮೇ ತಿಂಗಳ ಚಿತ್ರ ನೋಡಿ ಅದನ್ನು ಒಣ ನೆಲ ಎಂದು ತಿಳಿದು ಅಲ್ಲಿಗೆ ಜನರನ್ನು ಹಂಚಬೇಡಿ.

ಹಿನ್ನೀರು ದಂಡೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಆಶಾ ಅಕ್ಕ, ಕಾನಂಚಿನವರು ಮತ್ತು ನಾನು ಎರಡು ಭಾನುವಾರ, ಒಂದು ಶನಿವಾರ ನಡೆದೆವು. ಚೀಟಿ ಎತ್ತಿದ ಚೌಕಗಳಲ್ಲಿ ಪೇಟೆಯವು ಒಂದೇ ಬೆಳಿಗ್ಗೆ ಮುಗಿದವು, ಕಾನಿನ ಅಂಚಿನವು ಉಳಿದ ಎಲ್ಲ ಸಮಯವನ್ನೂ ತೆಗೆದುಕೊಂಡವು. ಇಷ್ಟು ಸಣ್ಣ ಎಣಿಕೆಯಿಂದ ಇಡೀ ತಾಲ್ಲೂಕಿಗೆ ಶೇಕಡಾವಾರು ಹೇಳಲು ನಾನು ಸಿದ್ಧಳಿಲ್ಲ. ಆದರೆ ಕಣ್ಣಿಗೆ ಕಂಡದ್ದನ್ನು ಹೇಳಬಲ್ಲೆ. ಗದ್ದೆಯಂಚಿನ ಮನೆಗಳನ್ನು ಕಟ್ಟಡದ ಪದರ ಚೆನ್ನಾಗಿಯೇ ಹಿಡಿದಿದೆ, ಅಲ್ಲಿ ಬೇಕಾಗಿರುವುದು ಕೊಟ್ಟಿಗೆ ಮತ್ತು ಒಣಗಿಸುವ ಮನೆಗಳನ್ನು ತೆಗೆಯುವುದು ಮಾತ್ರ. ಅದಕ್ಕಾಗಿ ಒಂದೇ ಕಣದೊಳಗೆ ಒಂದಕ್ಕೊಂದು 25 ಮೀಟರ್ ಒಳಗಿರುವ ಮಾಡುಗಳನ್ನೆಲ್ಲ ಒಂದು ಮನೆತನ ಎಂದು ಗುಂಪು ಮಾಡಿದೆ. ತೋಟಗಾರರು ಬರೆದ ಆರು ಮಾಡಿನ ಲೆಕ್ಕದಿಂದ ಹೊಳೆದ ಉಪಾಯವಿದು, ಅವರಿಗೆ ವಂದನೆಗಳು. ತೋಟದ ಒಳಗಿನ ಮತ್ತು ಕಾನಿನ ಅಂಚಿನ ಮನೆಗಳಿಗೆ ಗುಂಪು ಮಾಡುವುದು ಪರಿಹಾರವಲ್ಲ, ಅವು ಪದರದಲ್ಲೇ ಇಲ್ಲ. ಅಲ್ಲಿಗೆ ಚೌಕದ ತೂಕವನ್ನು ನಾವು ಎಣಿಸಿದ ಸರಾಸರಿಯಿಂದ ತುಂಬಿದೆ. ಖಾಲಿ ಎಂದಿದ್ದ ಚೌಕಗಳಿಗೆ ಸೊನ್ನೆಯ ಬದಲು ಒಂದು ಸಣ್ಣ ಸಂಖ್ಯೆ ಬಂತು. ಆನಂತರ ಗ್ರಾಮದ ಮೊತ್ತಕ್ಕೆ ಹೊಂದಿಸಿದಾಗ ರಸ್ತೆ ಬದಿಯ ಉಬ್ಬಿದ ಅಂಕಿಗಳು ತಾವಾಗಿಯೇ ಇಳಿದವು.

ದೂರವನ್ನು ನೇರ ಗೆರೆಯಲ್ಲಿ ಅಳೆಯುವುದನ್ನೂ ಬಿಟ್ಟೆ. ಇಳಿಜಾರು, ಹಳ್ಳ, ಕಾಲುದಾರಿಗಳನ್ನು ಸೇರಿಸಿ ಎಷ್ಟು ನಿಮಿಷದ ನಡಿಗೆ ಎಂದು ಲೆಕ್ಕ ಹಾಕಿದ್ದೇನೆ. 2025ರ ಜುಲೈನಲ್ಲಿ ತೆರೆದ ಸಿಗಂದೂರು ಸೇತುವೆ ನನ್ನ ರಸ್ತೆ ಪದರದಲ್ಲಿ ಇರಲಿಲ್ಲ. ಅದನ್ನು ಸೇರಿಸಿದ ಕೂಡಲೇ ತುಮರಿ ಕಡೆಯ ಚೌಕಗಳೆಲ್ಲ ಸಾಗರಕ್ಕೆ ಹತ್ತಿರವಾದವು. ಹಳ್ಳ ತುಂಬಿದ ಜುಲೈ ತಿಂಗಳಿಗೂ ಫೆಬ್ರವರಿಗೂ ಪ್ರತ್ಯೇಕ ಲೆಕ್ಕ ಮಾಡಿದೆ. ನಮ್ಮ ಮಜರೆಯ ಹಳ್ಳದಾಚೆಯ ಮೂರು ಮನೆಗಳಿಗೆ ಬೇಸಿಗೆಯಲ್ಲಿ ಉಪಕೇಂದ್ರ ಐವತ್ತು ನಿಮಿಷ; ಮಳೆಗಾಲದಲ್ಲಿ ಸುತ್ತಿ ಬರಬೇಕು, ಎರಡು ಗಂಟೆ ದಾಟುತ್ತದೆ.

ತೀರ್ಥಹಳ್ಳಿ ತೋಟಗಾರ

ನಮ್ಮ ತಾಲ್ಲೂಕಿಗೂ ಇದನ್ನು ಮಾಡುವುದಾದರೆ ಊಟ, ವಸತಿ ನಮ್ಮ ಮನೆಯಲ್ಲಿ. ತೋಟದ ದಾರಿಗಳನ್ನು ನಾನೇ ತೋರಿಸುತ್ತೇನೆ.

ಅಂಕಿಯೂರು

ನಿಮ್ಮ ಅಂದಾಜಿನ ಜೊತೆ ಹೆಚ್ಚುಕಡಿಮೆಯ ವ್ಯಾಪ್ತಿಯನ್ನೂ ಕೊಡಲು ಮರೆಯಬೇಡಿ. ಕಾನಿನ ಅಂಚಿನ ಚೌಕಗಳಲ್ಲಿ ಅದು ಅಗಲವಾಗಿಯೇ ಇರುತ್ತದೆ, ಇರಲಿ. ಅದನ್ನು ಮುಚ್ಚಿಟ್ಟು ಒಂದೇ ಅಂಕಿ ಬರೆದರೆ ಓದುವವರು ಅದನ್ನೇ ಎಣಿಕೆ ಎಂದು ತಿಳಿಯುತ್ತಾರೆ.

ಆಶಾ ಅಕ್ಕ, ಸಾಗರ

ಒಂದು ತಿದ್ದುಪಡಿ ಇದೆ ಮಗಳೇ. ಎರಡನೆಯ ಭಾನುವಾರ ದಿಬ್ಬದ ಮೇಲಿನ ಮನೆಗೆ ಬೀಗ ಹಾಕಿದೆ ಎಂದು ವಾಸವಿಲ್ಲದ ಮನೆಗಳ ಸಾಲಿಗೆ ಬರೆದುಕೊಂಡೆವಲ್ಲ, ಅದು ಖಾಲಿ ಮನೆಯಲ್ಲ. ಅಜ್ಜಿ ಮಗಳ ಬಾಣಂತನಕ್ಕೆ ಭದ್ರಾವತಿಗೆ ಹೋಗಿದ್ದರು, ನಿನ್ನೆ ವಾಪಸು ಬಂದಿದ್ದಾರೆ. ಅವರ ಬಿಪಿ ಮಾತ್ರೆಯನ್ನು ನಾನೇ ಕೊಟ್ಟು ಬಂದೆ. ಒಬ್ಬರು ಎಂದು ಬರೆದುಕೊಳ್ಳಿ.

ಹಿನ್ನೀರು ದಂಡೆ

ಬರೆದುಕೊಂಡೆ ಅಕ್ಕಾ. ಬೀಗ ಹಾಕಿದ್ದ ಇನ್ನೂ ನಾಲ್ಕು ಮನೆಗಳಿವೆ, ಅವುಗಳನ್ನೂ ಮತ್ತೊಮ್ಮೆ ಕೇಳಬೇಕು. ಗುರುವಾರ ನಿಮಗೆ ಬಿಡುವಿದೆಯೇ?